‘ಖಟಕ್’ ಕ್ಯಾಮೆರಾಗೆ ಕಟ್ ಹೇಳಿದವರು ಯಾರು?

ನಾಯಕಿ ಅಳ್ತಾ ಇದ್ದಳು. ಗ್ಲಿಸರಿನ್ ಇಲ್ಲದೆ, ನಿಜವಾಗಿ! ಹಳೇ ಕಾಲದ ತೊಟ್ಟಿಮನೆ, ಕಂಬದ ಪಕ್ಕ ಹಾಸಿದ ಚಾಪೆ, ಮೇಲಿನ ಗವಾಕ್ಷಿಯಿಂದ ಇಳಿದ ಬೆಳಕು... ಇಡೀ ಯೂನಿಟ್ಟು ಉಸಿರು ಬಿಗಿಹಿಡಿದು ನಿಂತಿತ್ತು. ಸಿಂಕ್ ಸೌಂಡ್ ಚಿತ್ರೀಕರಣ ಸ್ವಾಮೀ, ‘ಆಮೇಲೆ ಡಬ್ಬಿಂಗ್‌ನಲ್ಲಿ ನೋಡ್ಕೊಳ್ಳೋಣ ಬಿಡಿ’ ಅನ್ನೋ ಹಾಗಿಲ್ಲ. ಆಕೆಯ ಗಂಟಲು ಕಟ್ಟಿತು, ಮಾತು ಮುರಿಯಿತು, ಒಂದು ಗಳಿಗೆ ಪೂರ್ತಿ ನಿಶ್ಶಬ್ದ. ಆ ನಿಶ್ಶಬ್ದದ ನಟ್ಟನಡುವೆ...

“ಖಟಕ್!”

ಸೌಂಡ್ ರೆಕಾರ್ಡಿಸ್ಟ್ ಚೇಳು ಕುಟುಕಿದವರ ಹಾಗೆ ಹೆಡ್‌ಫೋನ್ ಕಿತ್ತು ಎದ್ದರು. ನಿರ್ದೇಶಕರು “ಕಟ್” ಎಂದು ಕೂಗಿದ ರಭಸಕ್ಕೆ ಹೊರಗೆ ಕಟ್ಟಿದ್ದ ಹಸು ಕೂಡ ಹೆದರಿರಬೇಕು. ಎಲ್ಲರ ಕಣ್ಣೂ ಕಂಬದ ಮರೆಯಲ್ಲಿ ನಿಂತಿದ್ದ ಒಬ್ಬರ ಮೇಲೆ. ಅವರ ಕೈಯಲ್ಲಿ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ. ಇಪ್ಪತ್ತು ವರ್ಷದಿಂದ ಗಾಂಧಿನಗರದ ಸೆಟ್ಟುಗಳಲ್ಲಿ ಸ್ಟಿಲ್ ತೆಗೆಯುತ್ತಿರುವ ಮನುಷ್ಯ. ಹೆಸರು ಬೇಡ. ಸೆಟ್ಟಿನಲ್ಲಿ ಎಲ್ಲರೂ ಕರೆಯೋ ಹಾಗೆ ನಾವೂ ‘ಸ್ಟಿಲ್ ಅಣ್ಣ’ ಅನ್ನೋಣ.

ಅಣ್ಣನ ತಪ್ಪಿಲ್ಲ ಅಂತ ನಾನು ಹೇಳೋದಿಲ್ಲ. ಟೇಕ್ ಮುಗಿಯೋವರೆಗೂ ಕಾಯಬೇಕಿತ್ತು. ಆದರೆ ಆ ಮುಖ, ಆ ಬೆಳಕು, ಆ ಕಣ್ಣೀರು ಟೇಕ್ ಮುಗಿದ ಮೇಲೆ ಇರ್ತಾವಾ? ಪೋಸ್ಟರ್ ಆಗಿ ಗೋಡೆ ಮೇಲೆ ನಿಲ್ಲೋ ಚಿತ್ರ ಹುಟ್ಟೋದು ಇಂಥ ಗಳಿಗೆಯಲ್ಲೇ. ಪ್ರಗತಿ ಅಶ್ವತ್ಥನಾರಾಯಣ, ಭವಾನಿ ಲಕ್ಷ್ಮೀನಾರಾಯಣ ಅವರಂಥ ಸ್ಥಿರಚಿತ್ರಕಾರರ ಹೆಸರು ಕೇಳದ ಕನ್ನಡ ಚಿತ್ರರಸಿಕ ಉಂಟೇ? ಅವರೆಲ್ಲ ಬೆರಳು ಒತ್ತಿದಾಗಲೂ ಕ್ಯಾಮೆರಾ ಸದ್ದು ಮಾಡಿಯೇ ಇರುತ್ತದೆ. ಆಗ ಯಾರೂ ಬೈಯುತ್ತಿರಲಿಲ್ಲ. ಈಗ ಬೈಯುತ್ತಾರೆ, ಅಷ್ಟೇ ವ್ಯತ್ಯಾಸ.

ಮಾರನೇ ದಿನ ಸೆಟ್ಟಿಗೆ ಬೇರೆ ಹುಡುಗ ಬಂದ. ಇಪ್ಪತ್ತಮೂರು ಇಪ್ಪತ್ತನಾಲ್ಕರ ಪ್ರಾಯ, ಅಂಗೈಗಿಂತ ಸ್ವಲ್ಪ ದೊಡ್ಡ ಕ್ಯಾಮೆರಾ. ನಾಯಕಿಯಿಂದ ನಾಲ್ಕು ಅಡಿ ದೂರದಲ್ಲಿ ಕೂತು ಟೇಕ್ ನಡೆಯುವಾಗಲೇ ಎಂಬತ್ತು ಚಿತ್ರ ತೆಗೆದ. ಒಂದು ಸೊಳ್ಳೆ ಹಾರಿದಷ್ಟೂ ಸದ್ದಿಲ್ಲ! ಅದೇ ಮಿರರ್‌ಲೆಸ್. ಕನ್ನಡಿ ಇಲ್ಲದ ಕ್ಯಾಮೆರಾ.

ಸ್ಟಿಲ್ ಅಣ್ಣ ಆ ಸಂಜೆ ಫೋನ್ ಮಾಡಿದರು. “ತಮ್ಮಾ, ನೀನು ಪತ್ರಿಕೆಗೆ ಬರೆಯೋನು, ನಾಲ್ಕು ಜನರನ್ನ ಕೇಳಿರ್ತೀಯ. ಈ ಕನ್ನಡಿ ಕ್ಯಾಮೆರಾ ಕಾಲ ಮುಗೀತೇನೋ? ಸಾಲ ಮಾಡಿ ಹೊಸದು ತಗೊಳ್ಳಲಾ, ಅಥವಾ ಮದುವೆ ಮುಂಜಿ ಮಾಡ್ಕೊಂಡು ಇದರಲ್ಲೇ ಕಾಲ ಹಾಕ್ಲಾ?”

ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಕನ್ನಡಿಯ ಕಥೆ

ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು. ಫಿಸಿಕ್ಸ್ ಮೇಷ್ಟ್ರು ಬೆಳಕಿನ ಪಾಠ ಮಾಡುವ ಹೊತ್ತಿಗೆ ನಾನು ಮಾರ್ನಿಂಗ್ ಶೋನಲ್ಲಿದ್ದೆ. ಹಾಗಾಗಿ ಸ್ಟಿಲ್ ಅಣ್ಣ ನನಗೆ ಹೇಳಿಕೊಟ್ಟ ಹಾಗೆಯೇ ನಿಮಗೆ ಹೇಳ್ತೀನಿ.

ಡಿಎಸ್‌ಎಲ್‌ಆರ್ ಹೊಟ್ಟೆಯೊಳಗೆ, ಲೆನ್ಸಿನ ಹಿಂದೆ, 45 ಡಿಗ್ರಿ ಓರೆಯಾಗಿ ಒಂದು ಪುಟ್ಟ ಕನ್ನಡಿ ನಿಂತಿರುತ್ತದೆ. ಲೆನ್ಸಿನಿಂದ ಬಂದ ಬೆಳಕು ಕನ್ನಡಿಗೆ ಬಡಿದು ಮೇಲಕ್ಕೆ ಹೋಗಿ, ಅಲ್ಲಿರುವ ಗಾಜಿನ ಗಟ್ಟಿಯೊಳಗೆ ತಿರುಗಿ, ನಿಮ್ಮ ಕಣ್ಣಿಗೆ ಬರುತ್ತದೆ. ನೀವು ನೋಡುವುದು ಅಪ್ಪಟ ಬೆಳಕು, ಟಿವಿ ಅಲ್ಲ. ಗುಂಡಿ ಒತ್ತಿದಿರೋ, ಕನ್ನಡಿ ಮೇಲಕ್ಕೆ ಹಾರುತ್ತದೆ, ಅದರ ಹಿಂದಿನ ಶಟರ್ ತೆರೆದು ಮುಚ್ಚುತ್ತದೆ, ಕನ್ನಡಿ ಮತ್ತೆ ಕೆಳಗೆ ಬೀಳುತ್ತದೆ. ‘ಖ’ ಅನ್ನೋದು ಏಳುವ ಸದ್ದು, ‘ಟಕ್’ ಅನ್ನೋದು ಬೀಳುವ ಸದ್ದು!

ಇದರಲ್ಲೊಂದು ತಮಾಷೆ ಇದೆ. ಕನ್ನಡಿ ಮೇಲೆದ್ದ ಗಳಿಗೆಯಲ್ಲಿ ಕಣ್ಣಿಗೆ ಕತ್ತಲು. ಅಂದರೆ ಚಿತ್ರ ಸಿಕ್ಕ ಆ ಒಂದು ಕ್ಷಣವನ್ನು ಚಿತ್ರ ತೆಗೆದವನೇ ನೋಡಿರುವುದಿಲ್ಲ. ಇಷ್ಟು ವರ್ಷ ಜಗತ್ತಿನ ದೊಡ್ಡ ದೊಡ್ಡ ಛಾಯಾಚಿತ್ರಕಾರರು ಹೀಗೆ ಕಣ್ಣು ಮುಚ್ಚಿಕೊಂಡೇ ಹೊಡೆದವರು!

ಮಿರರ್‌ಲೆಸ್‌ನಲ್ಲಿ ಈ ಸರ್ಕಸ್ಸೇ ಇಲ್ಲ. ಬೆಳಕು ನೇರವಾಗಿ ಸೆನ್ಸರ್ ಮೇಲೆ ಬೀಳುತ್ತದೆ. ಸೆನ್ಸರ್ ಕಂಡದ್ದನ್ನು ಒಂದು ಪುಟಾಣಿ ಟಿವಿ ಪರದೆ ನಿಮ್ಮ ಕಣ್ಣಿಗೆ ತೋರಿಸುತ್ತದೆ. ಬೆಳಕು ಜಾಸ್ತಿಯಾದರೆ ಒತ್ತುವ ಮೊದಲೇ ಗೊತ್ತಾಗುತ್ತದೆ, ಕಡಿಮೆಯಾದರೂ ಗೊತ್ತಾಗುತ್ತದೆ. ಮುಖದಲ್ಲಿ ಕಣ್ಣು ಎಲ್ಲಿದೆ ಅಂತ ಅದೇ ಹುಡುಕಿ ಫೋಕಸ್ ಹಿಡಿಯುತ್ತದೆ. ಬೇಕಾದರೆ ಶಟರ್ ಪರದೆಯನ್ನೂ ಅಲುಗಿಸದೆ ಬರೀ ವಿದ್ಯುತ್ತಿನಲ್ಲೇ ಚಿತ್ರ ತೆಗೆಯುತ್ತದೆ. ಆಗ ಸದ್ದು ಸೊನ್ನೆ.

ಕನ್ನಡಿಯ ವಂಶ ಸಣ್ಣದೇನಲ್ಲ. ಕನ್ನಡಿ ಜೊತೆಗೆ ತಲೆ ಮೇಲೆ ಗಾಜಿನ ಗಟ್ಟಿಯನ್ನೂ ಹೊತ್ತ ಕಾಂಟ್ಯಾಕ್ಸ್ ಎಸ್ ಪೂರ್ವ ಜರ್ಮನಿಯಿಂದ ಬಂದದ್ದು 1949ರಲ್ಲಿ. ಆಗ ಕನ್ನಡಿ ಒಮ್ಮೆ ಮೇಲೆದ್ದರೆ ತಾನಾಗಿ ಇಳಿಯುತ್ತಿರಲಿಲ್ಲ, ಮುಂದಿನ ಚಿತ್ರಕ್ಕೆ ಫಿಲಂ ತಿರುಗಿಸುವವರೆಗೂ ಕಣ್ಣಿಗೆ ಅಮಾವಾಸ್ಯೆ. 1954ರಲ್ಲಿ ಜಪಾನಿನ ಅಸಾಹಿ ಕಂಪನಿ ತಕ್ಷಣ ಕೆಳಗಿಳಿಯುವ ಕನ್ನಡಿ ತಂದಿತು. ಇದೇ ಅಸಾಹಿ ಮುಂದೆ ಪೆಂಟಾಕ್ಸ್ ಎಂಬ ಹೆಸರಿನಿಂದ ಮನೆಮಾತಾಯಿತು. 1959ರಲ್ಲಿ ನಿಕಾನ್ ಎಫ್ ಬಂತು. ಅಲ್ಲಿಂದ ಮುಂದೆ ಐವತ್ತು ವರ್ಷ ‘ದೊಡ್ಡ ಕ್ಯಾಮೆರಾ’ ಅಂದರೆ ಕನ್ನಡಿ ಕ್ಯಾಮೆರಾ ಅಂತಲೇ ಅರ್ಥ.

ಸಿನಿಮಾ ಕ್ಯಾಮೆರಾದಲ್ಲೂ ಇತ್ತು ಕನ್ನಡಿ!

ಈಗ ನಮ್ಮ ಬೆಳ್ಳಿತೆರೆಯ ಕಡೆ ಬನ್ನಿ. ಕನ್ನಡಿ ಬರೀ ಸ್ಟಿಲ್ ಕ್ಯಾಮೆರಾದ ಸೊತ್ತು ಅಂದುಕೊಂಡಿರಾ? 1937ರಲ್ಲಿ ಜರ್ಮನಿಯ ಆರಿ ಕಂಪನಿ ಆರಿಫ್ಲೆಕ್ಸ್ 35 ಎಂಬ ಮೂವಿ ಕ್ಯಾಮೆರಾ ತಂದಿತು. ಅದರ ಶಟರ್ ಮೇಲೆಯೇ ಕನ್ನಡಿ. ಗಿರಗಿರನೆ ತಿರುಗುವ ಕನ್ನಡಿ! ಫಿಲಮ್ಮಿನ ಒಂದು ಚೌಕಕ್ಕೆ ಬೆಳಕು ಬೀಳುವಾಗ ಕನ್ನಡಿ ಪಕ್ಕಕ್ಕೆ ಸರಿದಿರುತ್ತದೆ. ಫಿಲಂ ಮುಂದಿನ ಚೌಕಕ್ಕೆ ಜಾರುವಾಗ ಕನ್ನಡಿ ಅಡ್ಡ ಬಂದು ಬೆಳಕನ್ನು ಛಾಯಾಗ್ರಾಹಕರ ಕಣ್ಣಿಗೆ ಕಳಿಸುತ್ತದೆ. ಸೆಕೆಂಡಿಗೆ 24 ಸಲ ಈ ಕಣ್ಣಾಮುಚ್ಚಾಲೆ.

ಆ ವಂಶದ ಆರಿ 2ಸಿ ನಮ್ಮ ದೇಶದ ಚಿತ್ರರಂಗದಲ್ಲಿ ದುಡಿದಷ್ಟು ಎತ್ತು ಕೂಡ ದುಡಿದಿರಲಾರದು. ಹಗುರ, ಗಟ್ಟಿ, ಮಳೆ ಬಿಸಿಲಿಗೆ ಜಗ್ಗೋದಿಲ್ಲ. ಆದರೆ ಹೊಲಿಗೆ ಯಂತ್ರದ ಹಾಗೆ ಸದ್ದು! ಹಾಗೆ ಸದ್ದು ಮಾಡುವ ಕ್ಯಾಮೆರಾದ ಮುಂದೆ ನಟರು ಆಡಿದ ಮಾತನ್ನು ಅಲ್ಲೇ ಹಿಡಿದು ಏನು ಪ್ರಯೋಜನ? ಹೊರಾಂಗಣದಲ್ಲಿ ತೆಗಿ, ಆಮೇಲೆ ಥಿಯೇಟರಿನಲ್ಲಿ ಮಾತು ತುಂಬಿಸು. ನಮ್ಮಲ್ಲಿ ಡಬ್ಬಿಂಗ್ ಬೇರೂರಲು ಇದೂ ಒಂದು ದೊಡ್ಡ ಕಾರಣ. ಮೂವಿ ಕ್ಯಾಮೆರಾವೇ ಅಷ್ಟು ಗದ್ದಲ ಮಾಡುವಾಗ ಸ್ಟಿಲ್ ಅಣ್ಣನ ‘ಖಟಕ್’ ಯಾರ ಕಿವಿಗೆ ಬೀಳಬೇಕು? ಮದುವೆ ಮನೆಯಲ್ಲಿ ಓಲಗದ ನಡುವೆ ಸೀನಿದ ಹಾಗೆ!

ಕಾಲ ಬದಲಾಯಿತು. ‘ಉಳಿದವರು ಕಂಡಂತೆ’ 2014ರಲ್ಲಿ ತೆರೆಗೆ ಬಂದಾಗ ಸಿಂಕ್ ಸೌಂಡ್ ಅನ್ನೋ ಮಾತು ನಮ್ಮ ಹುಡುಗರ ಬಾಯಲ್ಲೆಲ್ಲ ಓಡಾಡಿತು. ಮಂಡ್ಯದ ಹಳ್ಳಿ ಜನರನ್ನೇ ಹಾಕಿಕೊಂಡು ಮಾಡಿದ ‘ತಿಥಿ’ಯಲ್ಲೂ ಸ್ಥಳದಲ್ಲೇ ಮಾತು ಹಿಡಿದರು. ಆ ಮಾತಿನ ಸೊಗಸು ಡಬ್ಬಿಂಗ್‌ನಲ್ಲಿ ಬಂದೀತೇ? ಹೀಗೆ ಸೆಟ್ಟಿನಲ್ಲಿ ನಿಶ್ಶಬ್ದಕ್ಕೆ ಬೆಲೆ ಬಂತು, ಖಟಕ್‌ಗೆ ಕಷ್ಟಕಾಲ ಬಂತು. ಹಾಲಿವುಡ್ಡಿನಲ್ಲಿ ಈ ಕಷ್ಟ ಬಹಳ ಹಿಂದಿನದು. ಅಲ್ಲಿನ ಸ್ಟಿಲ್‌ನವರು ಕ್ಯಾಮೆರಾವನ್ನು ‘ಬ್ಲಿಂಪ್’ ಎಂಬ ದಪ್ಪ ಡಬ್ಬಿಯೊಳಗೆ ಇಟ್ಟು, ಹಸಿಮಗುವಿನ ಥರ ಹೊತ್ತು ತಿರುಗುತ್ತಿದ್ದರು. ಮಿರರ್‌ಲೆಸ್ ಬಂದ ಮೇಲೆ ಅನೇಕರ ಡಬ್ಬಿ ಅಟ್ಟ ಸೇರಿತು.

ಮೂವಿ ಕ್ಯಾಮೆರಾದ ತಿರುಗೋ ಕನ್ನಡಿ ಏನಾಯಿತು? ಡಿಜಿಟಲ್ ಬಂತು, ಕನ್ನಡಿ ಹೋಯಿತು. 2010ರಲ್ಲಿ ಬಂದ ಆರಿಯವರ ಅಲೆಕ್ಸಾ ಕ್ಯಾಮೆರಾದಲ್ಲಿ ಛಾಯಾಗ್ರಾಹಕರು ನೋಡುವುದು ಎಲೆಕ್ಟ್ರಾನಿಕ್ ಪರದೆಯನ್ನೇ. ಕನ್ನಡಿಯೇ ಬೇಕು ಅನ್ನುವ ಹಳೇ ಹುಲಿಗಳಿಗಾಗಿ ಅದೇ ಅಲೆಕ್ಸಾದಲ್ಲಿ ‘ಸ್ಟುಡಿಯೋ’ ಎಂಬ ಮಾದರಿ ಮಾಡಿ ತಿರುಗೋ ಕನ್ನಡಿ ಹಾಕಿಕೊಟ್ಟರು, ಆದರೆ ಆ ದಾರಿ ಮುಂದೆ ಹೋಗಲಿಲ್ಲ. ಹಾಗಾಗಿ ಸ್ಟಿಲ್ ಕ್ಯಾಮೆರಾದಲ್ಲಿ ಈಗ ನಡೆಯುತ್ತಿರುವುದು ಸಿನಿಮಾದಲ್ಲಿ ಆಗಲೇ ನಡೆದು ಮುಗಿದ ಕಥೆಯ ರೀಮೇಕ್!

(ಹಿಂದೆ ಫ್ರೇಮಿನಲ್ಲಿ ಏನಿದೆ ಅಂತ ಗೊತ್ತಿದ್ದದ್ದು ಕ್ಯಾಮೆರಾಕ್ಕೆ ಕಣ್ಣಿಟ್ಟವರಿಗೆ ಮಾತ್ರ. ಮಿಕ್ಕವರು ರಷಸ್ ಬರೋವರೆಗೂ ಬಾಯಿ ಮುಚ್ಚಿಕೊಂಡು ಕಾಯಬೇಕಿತ್ತು. ಈಗ ಮಾನಿಟರ್ ಮುಂದೆ ನಿರ್ಮಾಪಕರ ಭಾಮೈದ ಕೂಡ ಕೂತು “ಸ್ವಲ್ಪ ಎಡಕ್ಕೆ ತಿರುಗಿಸಿ ಸಾರ್” ಅಂತಾನೆ. ಪ್ರಗತಿ ಅಂದರೆ ಇದೂ ಸೇರಿಯೇ!)

ಕನ್ನಡಿ ಮಾತು ಬಂತು, ಮೈಸೂರಿನ ನಮ್ಮ ವಿ.ಕೆ. ಮೂರ್ತಿಯವರನ್ನು ನೆನೆಯದೆ ಮುಂದೆ ಹೋಗೋದು ಹೇಗೆ? 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲ ಸ್ಟುಡಿಯೋದೊಳಗೆ ಮೇಲಿಂದ ಇಳಿಯುವ ಆ ಬೆಳಕಿನ ಕಂಬ ನೋಡಿದ್ದೀರಲ್ಲ? ಹೊರಗಿನ ಸೂರ್ಯನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಮಾಡಿದ್ದು ಅದು. ಛಾಯಾಗ್ರಾಹಕರೊಬ್ಬರಿಗೆ ಮೊದಲ ಬಾರಿ ಫಾಲ್ಕೆ ಪ್ರಶಸ್ತಿ ಬಂದದ್ದೂ ಅವರಿಗೇ, 2008ನೇ ಸಾಲಿನದು. ನನ್ನನ್ನು ಕೇಳಿದರೆ, ಸಿನಿಮಾ ಕಂಡ ಅತ್ಯುತ್ತಮ ಕನ್ನಡಿ ಕ್ಯಾಮೆರಾದ ಹೊಟ್ಟೆಯೊಳಗಿರಲಿಲ್ಲ, ಸ್ಟುಡಿಯೋ ಅಂಗಳದಲ್ಲಿತ್ತು!

2008: ಹಾಸಿಗೆ ಹಾಸಿದ ವರ್ಷ

ಕ್ಯಾಮೆರಾ ಲೋಕದಲ್ಲೂ ಅದೇ 2008 ಮರೆಯಲಾಗದ ವರ್ಷ. ಆಗಸ್ಟ್‌ನಲ್ಲಿ ನಿಕಾನ್ ಡಿ90 ಪ್ರಕಟವಾಯಿತು. ವಿಡಿಯೋ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ ಅದು. ಮರುತಿಂಗಳೇ ಕ್ಯಾನನ್ 5ಡಿ ಮಾರ್ಕ್ 2. ಫಿಲಂ ಚೌಕದಷ್ಟೇ ದೊಡ್ಡ ಸೆನ್ಸರ್, ಪೂರ್ತಿ ಹೈ ಡೆಫಿನಿಷನ್ ವಿಡಿಯೋ. ಹಿನ್ನೆಲೆ ಮಸುಕಾಗಿ ನಾಯಕಿಯ ಮುಖ ಮಾತ್ರ ಹೊಳೆಯುವ ಆ ‘ಸಿನಿಮಾ ಲುಕ್’ ಇದ್ದಕ್ಕಿದ್ದ ಹಾಗೆ ಬಡವರ ಕೈಗೆ ಬಂತು!

ಆಮೇಲೆ ನೋಡಿ ಜಾತ್ರೆ. ಅಮೆರಿಕದ ‘ಹೌಸ್’ ಎಂಬ ಧಾರಾವಾಹಿಯ ಆರನೇ ಸೀಸನ್ನಿನ ಕೊನೆಯ ಕಂತನ್ನು 2010ರಲ್ಲಿ ಇದರಲ್ಲೇ ತೆಗೆದರು. ನಮ್ಮ ರಾಮ್ ಗೋಪಾಲ್ ವರ್ಮ ಸುಮ್ಮನಿರ್ತಾರಾ? 2011ರಲ್ಲಿ ರವಿತೇಜನನ್ನು ಹಾಕಿಕೊಂಡು ‘ದೊಂಗಲ ಮುಠಾ’ ಎಂಬ ಪೂರಾ ತೆಲುಗು ಚಿತ್ರವನ್ನು 5ಡಿ ಕ್ಯಾಮೆರಾಗಳಲ್ಲಿ ಐದೇ ದಿನದಲ್ಲಿ ತೆಗೆದು ಬಿಸಾಕಿದರು. ಚಿತ್ರ ಹೇಗಿತ್ತು ಅಂತ ಕೇಳಬೇಡಿ. ಆದರೆ 2012ರಲ್ಲಿ ಬಂದ ತಮಿಳಿನ ‘ವಳಕ್ಕು ಎಣ್ 18/9’ ಬಗ್ಗೆ ಕೇಳಿ, ಧಾರಾಳವಾಗಿ ಹೇಳ್ತೀನಿ. ಬಾಲಾಜಿ ಶಕ್ತಿವೇಲ್ ನಿರ್ದೇಶನ, ವಿಜಯ್ ಮಿಲ್ಟನ್ ಛಾಯಾಗ್ರಹಣ, ಕೈಯಲ್ಲಿದ್ದದ್ದು ಕ್ಯಾನನ್ ಸ್ಟಿಲ್ ಕ್ಯಾಮೆರಾ. ಬೀದಿ ಬದಿಯ ಹುಡುಗರ ಕಥೆಯನ್ನು ಬೀದಿಯಲ್ಲೇ ನಿಂತು ತೆಗೆದರು, ತಮಿಳಿನ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರಪ್ರಶಸ್ತಿಯೂ ಬಂತು.

ಈಗ ಒಂದು ಗುಟ್ಟು ಹೇಳ್ತೀನಿ. ಡಿಎಸ್‌ಎಲ್‌ಆರ್‌ನಲ್ಲಿ ವಿಡಿಯೋ ಶುರು ಮಾಡಿದ ತಕ್ಷಣ ಏನಾಗುತ್ತೆ ಗೊತ್ತಾ? ಕನ್ನಡಿ ಮೇಲಕ್ಕೆದ್ದು ಅಲ್ಲೇ ಕೂತುಬಿಡುತ್ತದೆ! ಕಣ್ಣಿಡುವ ಕಿಂಡಿ ಕತ್ತಲಾಗುತ್ತದೆ, ಹಿಂದಿನ ಪರದೆ ನೋಡಿಕೊಂಡೇ ಶೂಟ್ ಮಾಡಬೇಕು. ಹೇಳಿ ಈಗ, ‘ಡಿಎಸ್‌ಎಲ್‌ಆರ್‌ನಲ್ಲಿ ತೆಗೆದ ಸಿನಿಮಾ’ ಅಂತ ಡಂಗುರ ಹೊಡೆದೆವಲ್ಲ, ಆ ಸಿನಿಮಾಗಳಲ್ಲಿ ಕನ್ನಡಿಯ ಪಾತ್ರ ಏನು? ಏನೂ ಇಲ್ಲ! ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಕೂತ ನೆಂಟ! ಸಿನಿಮಾ ಹುಡುಗರು ಮೆಚ್ಚಿ ಅಪ್ಪಿಕೊಂಡ ಡಿಎಸ್‌ಎಲ್‌ಆರ್, ಕೆಲಸ ಮಾಡುವಾಗ ಮಿರರ್‌ಲೆಸ್ಸೇ ಆಗಿತ್ತು. ಕನ್ನಡಿ ಕ್ಯಾಮೆರಾಕ್ಕೆ ಅಷ್ಟು ಹೆಸರು ತಂದುಕೊಟ್ಟ ಕೆಲಸವೇ ಕನ್ನಡಿ ಬೇಡ ಅಂತ ಸಾಕ್ಷಿ ಹೇಳಿತು.

ಇನ್ನೊಂದು ಸ್ವಾರಸ್ಯ ನೋಡಿ. ಪ್ಯಾನಸೋನಿಕ್‌ನವರು ಜಿ1 ಎಂಬ ಪುಟ್ಟ ಮಿರರ್‌ಲೆಸ್ ಪ್ರಕಟಿಸಿದ್ದೂ ಇದೇ 2008ರ ಸೆಪ್ಟೆಂಬರಿನಲ್ಲೇ. ಒಬ್ಬನ ಪಟ್ಟಾಭಿಷೇಕದ ದಿನವೇ ಪಕ್ಕದ ಬೀದಿಯಲ್ಲಿ ಅವನ ವೈರಿ ಹುಟ್ಟಿದ!

ಲೆಕ್ಕ ಏನು ಹೇಳುತ್ತೆ?

2013ರಲ್ಲಿ ಸೋನಿ ಎ7 ಬಂತು. ಮಾರನೇ ವರ್ಷ ಎ7ಎಸ್, ಬೀದಿದೀಪದ ಬೆಳಕಿನಲ್ಲೂ ಮುಖ ಕಾಣಿಸುವ ಕ್ಯಾಮೆರಾ. 2017ರಲ್ಲಿ ಎ9. ಸೆಕೆಂಡಿಗೆ 20 ಚಿತ್ರ, ಸದ್ದಿಲ್ಲ, ಕಣ್ಣಿಗೆ ಕತ್ತಲೂ ಇಲ್ಲ. ಕ್ಯಾನನ್, ನಿಕಾನ್ ಎಂಬ ಇಬ್ಬರು ಹಳೇ ಜಮೀನ್ದಾರರು ಕಣ್ಣುಜ್ಜಿಕೊಂಡು ಎದ್ದದ್ದು 2018ರಲ್ಲಿ. ನಿಕಾನ್ ಝಡ್6, ಝಡ್7 ತಂದಿತು, ಕ್ಯಾನನ್ ಇಒಎಸ್ ಆರ್ ತಂದಿತು. 2020ರಲ್ಲಿ ಇಬ್ಬರೂ ಕೊನೆಯದಾಗಿ ಹೊಸ ಡಿಎಸ್‌ಎಲ್‌ಆರ್ ಬಿಟ್ಟರು. ಆಮೇಲೆ ಒಂದೂ ಇಲ್ಲ. 2021ರ ನಿಕಾನ್ ಝಡ್9ರಲ್ಲಂತೂ ಕನ್ನಡಿ ಹೋಗಲಿ, ಯಂತ್ರದ ಶಟರನ್ನೇ ಕಿತ್ತು ಹಾಕಿದರು!

ಜಪಾನಿನ ಕ್ಯಾಮೆರಾ ತಯಾರಕರ ಸಂಘ ವರ್ಷಾವರ್ಷ ಲೆಕ್ಕ ಕೊಡುತ್ತದೆ. 2012ರಲ್ಲಿ ಕಾರ್ಖಾನೆಗಳಿಂದ ಹೊರಟ ಡಿಎಸ್‌ಎಲ್‌ಆರ್‌ಗಳು ಸುಮಾರು 1 ಕೋಟಿ 60 ಲಕ್ಷ, ಮಿರರ್‌ಲೆಸ್ ಸುಮಾರು 40 ಲಕ್ಷ. 2020ರಲ್ಲಿ ಮಿರರ್‌ಲೆಸ್ ಮುಂದೆ ಹೋಯಿತು. 2024ರಲ್ಲಿ ಮಿರರ್‌ಲೆಸ್ ಸುಮಾರು 56 ಲಕ್ಷ, ಡಿಎಸ್‌ಎಲ್‌ಆರ್ ಸುಮಾರು 10 ಲಕ್ಷ. ಎರಡೂ ಕೂಡಿದರೂ ಹಳೆಯ ವೈಭವದ ಹತ್ತಿರಕ್ಕೂ ಬರೋದಿಲ್ಲ ಅನ್ನೋದನ್ನು ಗಮನಿಸಿ. ಆ ಜಾಗವನ್ನು ನುಂಗಿದ್ದು ನಿಮ್ಮ ಜೇಬಿನಲ್ಲಿರುವ ಮೊಬೈಲು. ಅದರ ಕಥೆ ಬೇರೆ, ಇನ್ನೊಂದು ವಾರ ನೋಡೋಣ.

ಕೊನೆಯವರೆಗೂ ಕನ್ನಡಿ ಬಿಡೋದಿಲ್ಲ ಅಂತ ಪಟ್ಟು ಹಿಡಿದವರು ಪೆಂಟಾಕ್ಸ್‌ನವರು. 2021ರಲ್ಲಿ ಕೆ-3 ಮಾರ್ಕ್ 3, 2023ರಲ್ಲಿ ಅದರದೇ ಬರೀ ಕಪ್ಪು ಬಿಳುಪಿನ ಮಾದರಿ ತಂದರು. 1954ರಲ್ಲಿ ಕನ್ನಡಿಗೆ ತಾನಾಗಿ ಇಳಿಯೋದು ಕಲಿಸಿದ ಮನೆತನವೇ ಅದನ್ನು ಕೊನೆಯವರೆಗೂ ಸಾಕುತ್ತಿದೆ. ನನಗಂತೂ ಅವರ ಮೇಲೆ ಗೌರವ.

ಇತ್ತ ಸಿನಿಮಾ ಕಡೆ? 2023ರ ಹಾಲಿವುಡ್ ಚಿತ್ರ ‘ದಿ ಕ್ರಿಯೇಟರ್’ ನೋಡಿದಿರಾ? ರೋಬೋಗಳು, ಯುದ್ಧ, ಬೆಟ್ಟದಷ್ಟು ದೊಡ್ಡ ವಿಮಾನ. ಸುಮಾರು 8 ಕೋಟಿ ಡಾಲರ್ ವೆಚ್ಚದ ಆ ಚಿತ್ರ ತೆಗೆದದ್ದು ಸೋನಿ ಎಫ್‌ಎಕ್ಸ್3ರಲ್ಲಿ. ಅಲ್ಲಿ ಅದರ ಬೆಲೆ 4 ಸಾವಿರ ಡಾಲರ್ ಆಸುಪಾಸು. ನಮ್ಮ ಮದುವೆ ವಿಡಿಯೋದವರು ಕೂಡ ಬಾಡಿಗೆಗೆ ತರುವ ಕ್ಯಾಮೆರಾ ಸ್ವಾಮೀ! 2024ರಲ್ಲಿ ನಿಕಾನ್ ಹೋಗಿ ರೆಡ್ ಎಂಬ ಸಿನಿಮಾ ಕ್ಯಾಮೆರಾ ಕಂಪನಿಯನ್ನೇ ಕೊಂಡುಕೊಂಡಿತು. 2025ರಲ್ಲಿ ಇಬ್ಬರ ವಿದ್ಯೆಯೂ ಸೇರಿದ ಝಡ್‌ಆರ್ ಬಂತು. ಸ್ಟಿಲ್ ಕ್ಯಾಮೆರಾ ಯಾವುದು, ಮೂವಿ ಕ್ಯಾಮೆರಾ ಯಾವುದು ಅನ್ನೋ ಗೆರೆ ಅಳಿಸಿಹೋಗ್ತಾ ಇದೆ. ಆ ಗೆರೆಯ ಮೇಲೆ ಗೋಡೆ ಹಾಗೆ ನಿಂತಿದ್ದದ್ದು ಕನ್ನಡಿ.

ಹಾಗಾದರೆ ಅಣ್ಣ ಏನು ಮಾಡಬೇಕು?

ಅಣ್ಣನ ಬ್ಯಾಗಿನಲ್ಲಿದ್ದದ್ದು 2012ರ ಕ್ಯಾನನ್ 5ಡಿ ಮಾರ್ಕ್ 3, ಜೊತೆಗೆ ಮೂರು ಲೆನ್ಸು. ಅವುಗಳಲ್ಲಿ ಒಂದನ್ನು ಅತ್ತಿಗೆಯ ಬಳೆ ಅಡವಿಟ್ಟು ಕೊಂಡದ್ದು ಅಂತ ಆವತ್ತೇ ನನಗೆ ಗೊತ್ತಾಗಿದ್ದು. ಹೊಸ ಫುಲ್‌ಫ್ರೇಮ್ ಮಿರರ್‌ಲೆಸ್, ಒಳ್ಳೇ ಲೆನ್ಸು ಅಂದರೆ ಎರಡು ಲಕ್ಷ ದಾಟುತ್ತದೆ. ಫೈನಾನ್ಸಿನವನು ತಿಂಗಳಿಗೆ ಎಂಟು ಸಾವಿರ ಕಂತು ಅಂದನಂತೆ. ಮಗಳ ಕಾಲೇಜು ಫೀಸೂ ಅದೇ ತಿಂಗಳು.

ಇಬ್ಬರೂ ಮೆಜೆಸ್ಟಿಕ್ ಹತ್ತಿರದ ಗಲ್ಲಿಯ ಒಬ್ಬ ರಿಪೇರಿಯವರ ಹತ್ತಿರ ಹೋದೆವು. ಆ ಯಜಮಾನರು ಟೀ ತರಿಸಿ, ಎರಡು ಕ್ಯಾಮೆರಾಗಳ ಮೂತಿ ಬಿಚ್ಚಿ ಪಕ್ಕಪಕ್ಕದಲ್ಲಿಟ್ಟರು. “ನೋಡಿ ಸಾರ್, ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸು ಕೂರೋ ಜಾಗದಿಂದ ಸೆನ್ಸರ್‌ಗೆ 44 ಮಿಲಿಮೀಟರ್. ಯಾಕೆ? ಮಧ್ಯ ಕನ್ನಡಿ ಎದ್ದು ಬೀಳೋಕೆ ಜಾಗ ಬೇಕಲ್ಲ! ಇದರಲ್ಲಿ ಬರೀ 20. ಮಿಕ್ಕಿದ 24 ಮಿಲಿಮೀಟರಿಗೆ ಒಂದು ಖಾಲಿ ಕೊಳವೆ ಹಾಕಿದ್ರೆ ನಿಮ್ಮ ಹಳೇ ಲೆನ್ಸು ಹೊಸ ಕ್ಯಾಮೆರಾದಲ್ಲಿ ಕೂರುತ್ತೆ. ಅದರಲ್ಲಿ ಗಾಜೂ ಇಲ್ಲ, ಏನೂ ಇಲ್ಲ. ನಾಲ್ಕು ತಂತಿ ಅಷ್ಟೇ.”

ಅಣ್ಣನ ಮುಖದಲ್ಲಿ ಬೆಳಕು ಬಂತು. “ಅಂದ್ರೆ ಲೆನ್ಸು ಮಾರಬೇಕಾಗಿಲ್ಲ?”

“ಲೆನ್ಸು ಮಾರೋನು ಹುಚ್ಚ. ಅದೇ ನಿಮ್ಮ ಆಸ್ತಿ. ಈ ಹೊಸ ಲೆನ್ಸು ನಿಮ್ಮ ಹಳೇ ಕ್ಯಾಮೆರಾಕ್ಕೆ ಹಾಕೋಕಾಗಲ್ಲ, ಆದರೆ ಹಳೇದು ಹೊಸದಕ್ಕೆ ಆಗುತ್ತೆ. ಅತ್ತೆ ಮನೆಗೆ ಸೊಸೆ ಬರ್ತಾಳೆ, ಸೊಸೆ ಮನೆಗೆ ಅತ್ತೆ ಬರಲ್ಲ!”

ಮೂವಿ ಲೆನ್ಸುಗಳ ಗುಟ್ಟೂ ಇದೇ. ಸಿನಿಮಾದ ಪಿಎಲ್ ಲೆನ್ಸು ಸೆನ್ಸರಿನಿಂದ 52 ಮಿಲಿಮೀಟರ್ ದೂರ ಬಯಸುತ್ತದೆ. ಮಿರರ್‌ಲೆಸ್ ಮುಂದೆ ಬೇಕಾದಷ್ಟು ಖಾಲಿ ಜಾಗ, ಕೊಳವೆ ಹಾಕಿದರೆ ಆಯಿತು. ಹಾಗಾಗಿಯೇ ದೊಡ್ಡ ಸಿನಿಮಾದ ಹಳೇ ಲೆನ್ಸು ಇವತ್ತು ಅಂಗೈಯಗಲದ ಕ್ಯಾಮೆರಾ ಮೇಲೆ ಕೂತು ಮೆರೆಯುತ್ತಿರುವುದು.

ಹಾಗಂತ ಮಿರರ್‌ಲೆಸ್ ದೇವರಲ್ಲ. ಯಜಮಾನರು ಅದರ ಜಾತಕವನ್ನೂ ಓದಿದರು. ಮೊದಲನೆಯದು ಹಸಿವು. 5ಡಿ ಮಾರ್ಕ್ 4 ಒಂದು ಚಾರ್ಜಿಗೆ ಸುಮಾರು 900 ಚಿತ್ರ ಕೊಟ್ಟರೆ ಇಒಎಸ್ ಆರ್ ಕೊಡೋದು ಸುಮಾರು 370, ಅದು ಕಂಪನಿಯವರೇ ಹೇಳೋ ಲೆಕ್ಕ. ಪುಟಾಣಿ ಟಿವಿ ಸದಾ ಉರಿಯುತ್ತಿರಬೇಕಲ್ಲ! ಲೆನ್ಸು ಬದಲಾಯಿಸುವಾಗ ಅನೇಕ ಮಾದರಿಗಳಲ್ಲಿ ಸೆನ್ಸರ್ ಬಾಯಿ ತೆರೆದುಕೊಂಡೇ ಇರುತ್ತದೆ, ನಮ್ಮ ಹೊರಾಂಗಣದ ಕೆಂಪು ಧೂಳು ನೇರ ಒಳಕ್ಕೆ. ಇನ್ನು ಆ ಸದ್ದಿಲ್ಲದ ಶಟರ್ ಸೆನ್ಸರನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಓದಿ ಮುಗಿಸುವಷ್ಟರಲ್ಲಿ ವಿಲನ್ ಬೀಸಿದ ಮಚ್ಚು ಮುಂದೆ ಹೋಗಿರುತ್ತದೆ, ಚಿತ್ರದಲ್ಲಿ ಮಚ್ಚು ಬಾಳೆಕಾಯಿ ಥರ ಬಾಗಿ ನಿಲ್ಲುತ್ತದೆ! ಸೋನಿಯವರು 2023ರಲ್ಲಿ ಪ್ರಕಟಿಸಿದ ಎ9 ಮಾರ್ಕ್ 3 ಇಡೀ ಚಿತ್ರವನ್ನು ಒಂದೇ ಏಟಿಗೆ ಓದುತ್ತದೆ, ಈ ಬಾಗು ಅದಕ್ಕಿಲ್ಲ. ಅದರ ಬೆಲೆ ಕೇಳಿ ಅಣ್ಣ ಟೀ ಲೋಟ ಕೆಳಗಿಟ್ಟರು.

ಸೆಕೆಂಡ್ ಹ್ಯಾಂಡ್ ಕೊಳ್ಳುವ ತಮ್ಮಂದಿರಿಗೆ ನನ್ನದೇ ಪೆಟ್ಟು ತಿಂದ ಕಥೆ ಹೇಳಬೇಕು. ಮೂರು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಹಳೇ ಡಿಎಸ್‌ಎಲ್‌ಆರ್ ಕೊಂಡೆ. “ಹತ್ತು ಸಾವಿರ ಕ್ಲಿಕ್ಕೂ ಆಗಿಲ್ಲ, ಡಾಕ್ಟರೊಬ್ಬರು ಇಟ್ಕೊಂಡಿದ್ದು” ಅಂದ. ಎರಡೇ ತಿಂಗಳು. ಒಬ್ಬ ದೊಡ್ಡ ನಟರ ಹುಟ್ಟುಹಬ್ಬ, ಅವರು ಬಾಲ್ಕನಿಗೆ ಬಂದು ಕೈ ಎತ್ತಿದ ಗಳಿಗೆಗೆ ಸರಿಯಾಗಿ ಪರದೆ ಮೇಲೆ ‘ಎರರ್’! ಬಿಚ್ಚಿಸಿ ನೋಡಿದರೆ ಒಂದು ಲಕ್ಷ ನಲವತ್ತು ಸಾವಿರ ಸಲ ಶಟರ್ ಬಡಿದಿದೆ. ಡಾಕ್ಟರಲ್ಲ, ಮದುವೆ ಸ್ಟುಡಿಯೋದವರದ್ದು. ಶಟರಿಗೂ ಆಯಸ್ಸಿದೆ. 5ಡಿ ಮಾರ್ಕ್ 3ಕ್ಕೆ ಕಂಪನಿ ಹೇಳಿದ್ದು ಒಂದೂವರೆ ಲಕ್ಷ. ಅದಕ್ಕೇ ಹೇಳೋದು, ದುಡ್ಡು ಕೊಡುವ ಮುಂಚೆ ಎಷ್ಟು ಬಡಿದಿದೆ ಅಂತ ಕಂಪ್ಯೂಟರಿಗೆ ಹಾಕಿ ನೋಡಿ. ಬಾಯಿಮಾತು ನಂಬಬೇಡಿ.

ಇಷ್ಟೆಲ್ಲ ಆದ ಮೇಲೂ ನನ್ನ ತೀರ್ಮಾನ ಕೇಳ್ತೀರಾ? ಪಂದ್ಯ ಮುಗಿದಿದೆ, ಮಿರರ್‌ಲೆಸ್ ಗೆದ್ದಿದೆ. ದುಡ್ಡಿದ್ದವನು ಹೊಸ ಡಿಎಸ್‌ಎಲ್‌ಆರ್ ಕೊಂಡರೆ ಅದು ಮೊಂಡುತನ. ಆದರೆ ದುಡ್ಡಿಲ್ಲದವನಿಗೆ ಇದಕ್ಕಿಂತ ಒಳ್ಳೇ ಕಾಲ ಬಂದಿರಲಿಲ್ಲ! ದೊಡ್ಡವರೆಲ್ಲ ಬಿಸಾಡಿ ಹೊರಟ ಡಿಎಸ್‌ಎಲ್‌ಆರ್‌ಗಳು ಸಂತೆಯಲ್ಲಿ ಬಿದ್ದಿವೆ. ರಾಷ್ಟ್ರಪ್ರಶಸ್ತಿ ಚಿತ್ರ ತೆಗೆದ ಜಾತಿಯ ಕ್ಯಾಮೆರಾ ಇವತ್ತು ಒಂದು ಒಳ್ಳೇ ಮೊಬೈಲಿಗಿಂತ ಕಡಿಮೆಗೆ ಸಿಗುತ್ತದೆ. ಕಿರುಚಿತ್ರ ತೆಗೀಬೇಕು, ಬೆಳಕು ಕಲೀಬೇಕು ಅನ್ನೋನಿಗೆ ಇನ್ನೇನು ಬೇಕು?

ಅಣ್ಣ ಮಾಡಿದ್ದೂ ಹೆಚ್ಚುಕಮ್ಮಿ ಅದನ್ನೇ. ಹೊಸದರ ಆಸೆ ಬಿಟ್ಟು ಒಂದು ಹಳೇ ಇಒಎಸ್ ಆರ್ ಬಾಡಿ ಮತ್ತು ಕೊಳವೆ ಕೊಂಡರು. ಹಳೇ ಬ್ಯಾಟರಿಗಳೇ ಅದಕ್ಕೂ ಆಗುತ್ತವೆ ಅಂತ ಗೊತ್ತಾದಾಗ ಅವರು ನಕ್ಕ ನಗು ನೋಡಬೇಕಿತ್ತು! 5ಡಿ ಕ್ಯಾಮೆರಾವನ್ನು ತುಮಕೂರು ಕಡೆಯ ಒಬ್ಬ ಹುಡುಗ ಕೊಂಡ. ಗ್ಯಾರೇಜಿನಲ್ಲಿ ಕೆಲಸ, ಭಾನುವಾರ ಭಾನುವಾರ ಕಿರುಚಿತ್ರ ತೆಗೆಯೋ ಹುಚ್ಚು. “ಅಣ್ಣಾ, ಫೋರ್ ಕೆ ಇಲ್ವಲ್ಲಾ” ಅಂತ ರಾಗ ಎಳೆದ. “ಮೊದಲು ಕಥೆ ಬರಕೊಂಡು ಬಾರೋ, ಆಮೇಲೆ ಕೆ ಎಷ್ಟು ಬೇಕು ನೋಡೋಣ” ಅಂದರು ಅಣ್ಣ. ಕ್ಯಾಮೆರಾವನ್ನು ಅವನ ಕೈಗೆ ಕೊಡುವ ಮುನ್ನ ಗೋಡೆ ಕಡೆ ತಿರುಗಿಸಿ ಸುಮ್ಮನೆ ಒಂದು ಸಲ ಒತ್ತಿದರು. ಖಟಕ್. ಆಮೇಲೆ ಕೊಟ್ಟರು.

ಹೊಸ ಕ್ಯಾಮೆರಾದಲ್ಲಿ ಮೊದಲ ವಾರ ಅಣ್ಣನಿಗೆ ಬರೀ ಫಜೀತಿ. ಸೆಟ್ಟಿನ ಅಗ್ಗದ ಎಲ್‌ಇಡಿ ದೀಪದ ಕೆಳಗೆ ಸದ್ದಿಲ್ಲದ ಶಟರ್ ಹಾಕಿ ತೆಗೆದರೆ ನಾಯಕಿಯ ಬಿಳಿ ಸೀರೆಗೆ ಕಪ್ಪು ಪಟ್ಟೆ! ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು ಹೊಡೆಯುವುದರಿಂದ ಅಂಥ ದೀಪ 100 ಸಲ ಮಿನುಗುತ್ತದೆ. ಶಟರ್ ವೇಗ ಐವತ್ತರಲ್ಲೋ ನೂರರಲ್ಲೋ ನಿಲ್ಲಿಸಿದರೆ ಪಟ್ಟೆ ಹೋಗುತ್ತದೆ ಅಂತ ಆ ಇಪ್ಪತ್ತಮೂರರ ಹುಡುಗನೇ ಹೇಳಿಕೊಟ್ಟನಂತೆ. “ಒಳ್ಳೇ ಹುಡುಗ ಕಣೋ” ಅಂದರು ಅಣ್ಣ. ಕೆಲಸ ಕಸಿದುಕೊಂಡವನನ್ನು ಹಾಗೆ ಹೊಗಳೋಕೆ ದೊಡ್ಡ ಮನಸ್ಸೇ ಬೇಕು.

ಹೋದ ತಿಂಗಳು ಒಂದು ಪೋಸ್ಟರ್ ಶೂಟಿಂಗಿಗೆ ಅಣ್ಣ ನನ್ನನ್ನೂ ಕರೆದುಕೊಂಡು ಹೋಗಿದ್ದರು. ನಾಯಕರು ಜೀಪಿನ ಬಾನೆಟ್ ಮೇಲೆ ಕಾಲಿಟ್ಟು, ಕನ್ನಡಕ ಸರಿಸಿ, ಮೀಸೆ ತಿರುವಿ ನಿಂತರು. ನಿಂತೇ ಇದ್ದರು. ಒಂದು ನಿಮಿಷ ಆಯಿತು. ಮುಖದ ಮೇಲಿನ ರೋಷ ನಿಧಾನವಾಗಿ ಇಳಿದು ಅನುಮಾನಕ್ಕೆ ತಿರುಗಿತು.

“ಅಣ್ಣಾ... ತೆಗೆದ್ರಾ?”

“ಆಗ್ಲೇ ಹನ್ನೆರಡು ತೆಗ್ದೆ ಸಾರ್!”

“ಸದ್ದೇ ಬರ್ಲಿಲ್ವಲ್ಲಾ! ನಾನು ಇನ್ನೂ ಕಾಯ್ತಾ ಇದೀನಿ... ಸದ್ದು ಬಂದ್ರೆ ತಾನೇ ಮುಂದಿನ ಪೋಸು ಗೊತ್ತಾಗೋದು? ಸದ್ದು ಬರೋ ಹಾಗೆ ತೆಗೀರಿ ಅಣ್ಣಾ.”

ಹಿಂದಿನ ದಿನದ ಸೀನಿಗೆ ಹಾಕಿದ್ದ ಸೈಲೆಂಟ್ ಶಟರ್ ತೆಗೆಯಲು ಅಣ್ಣ ಮರೆತಿದ್ದರು. ಕನ್ನಡಕವನ್ನು ಹಣೆಗೆ ಏರಿಸಿ, ಕ್ಯಾಮೆರಾದ ಮೆನು ತೆರೆದು, ಪುಟದ ಮೇಲೆ ಪುಟ ತಿರುಗಿಸತೊಡಗಿದರು. ನಾಯಕರು ಮೀಸೆ ಮೇಲೆ ಬೆರಳಿಟ್ಟುಕೊಂಡೇ ಕಾಯುತ್ತಿದ್ದರು. ಅಷ್ಟರಲ್ಲಿ ಪ್ರೊಡಕ್ಷನ್ನಿನವರು ಊಟಕ್ಕೆ ಕರೆದರು.